ಎಡಗಾಲು ಗಿಡ್ಡದ ಕುರ್ಚಿ

ಶಿವಮೊಗ್ಗದ ಬಿ.ಎಚ್. ರಸ್ತೆ, ನಮ್ಮ ಪಂಪ್‌ಸೆಟ್ ಅಂಗಡಿಯ ಮಹಡಿ.
ಸಂದರ್ಶನಕ್ಕೆಂದೇ ಅಲ್ಲೊಂದು ಕುರ್ಚಿ ಇದೆ,
ಹಿಂದಿನ ಎಡಗಾಲು ಅರ್ಧ ಬೆರಳು ಗಿಡ್ಡ.
ಬಡಗಿಗೆ ಹೇಳಬೇಕು ಅಂತ ಹತ್ತೊಂಬತ್ತು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.
ಹೇಳಿಲ್ಲ.

ಯಜಮಾನರು ಬೋನಿಫಾಸ್ ಮಸ್ಕರೇನಸ್ ಮಧ್ಯೆ,
ಬಲಕ್ಕೆ ಅವರ ಅಳಿಯ ರೋಷನ್,
ಎಡಕ್ಕೆ ನಾನು, ಲೆಕ್ಕದ ರುದ್ರೇಶಿ.
ಕೇಳುವವನಲ್ಲ, ಬರೆದುಕೊಳ್ಳುವವನು.

ಕೌಂಟರಿಗೆ ಒಬ್ಬರು ಬೇಕಿತ್ತು. ಬಂದವರು ಹನ್ನೊಂದು ಮಂದಿ.

ಭದ್ರಾವತಿಯ ಹುಡುಗ ಕೂತ. ಕುರ್ಚಿ ಟಕ್ ಅಂತು.
ಬೆಚ್ಚಿ ಮೇಜಿನ ಅಂಚು ಹಿಡಿದ.
"ಬರ್ಕೊ ರುದ್ರೇಶಿ, ಧೈರ್ಯ ಸಾಲದು."
ಬರೆದೆ.
ಆಯನೂರಿನವನು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಮುಗಿಸಿದ.
ಇನ್ನೊಬ್ಬ ಹಳೆಯ ಧಣಿಯನ್ನು ಬೈದ, ಬೈಗುಳ ಚೆನ್ನಾಗಿಯೇ ಇತ್ತು,
ಯಜಮಾನರಿಗೆ ನಾಳೆ ಅದೇ ಬಾಯಲ್ಲಿ
ತಮ್ಮ ಹೆಸರು ಕೇಳಿಸಿರಬೇಕು.
ಒಬ್ಬನ ಜೇಬಲ್ಲಿ ಫೋನು ಹಾಡಿತು,
ಆರಿಸಲು ಹೋಗಿ ಸ್ಪೀಕರಿಗೆ ಹಾಕಿದ.
"ಆಯ್ತೇನೋ? ಎಷ್ಟ್ ಕೊಡ್ತಾರಂತೆ?" ಅಂತು ತಾಯಿಯ ದನಿ,
ಬೆಳಗಿನಿಂದ ಆ ಕೋಣೆಯಲ್ಲಿ
ಎಲ್ಲರ ನಾಲಗೆ ತುದಿಯಲ್ಲಿದ್ದು ಯಾರೂ ಕೇಳದ ಪ್ರಶ್ನೆ.
ನಿಮ್ಮ ದೌರ್ಬಲ್ಯ ಏನು ಅಂದರೆ
"ತುಂಬಾ ಕೆಲಸ ಮಾಡೋದು ಸರ್" ಅಂದವರು ನಾಲ್ವರು.
ರೋಷನ್ ನಕ್ಕ. ಅವನೂ ಮಂಗಳೂರಲ್ಲಿ ಒಮ್ಮೆ ಹಾಗೇ ಅಂದಿದ್ದನಂತೆ.

ಊಟದ ಮೇಲೆ ತ್ಯಾಗರ್ತಿಯ ಶೈಲಾ ಗುತ್ಯಪ್ಪ.
ಕೂತಳು. ಟಕ್.
ಎದ್ದಳು. ಬಗ್ಗಿ ನೋಡಿದಳು.
ಫೈಲಿನಿಂದ ಕಾಗದವೊಂದನ್ನು ಎಳೆದು
ಎರಡು, ನಾಲ್ಕು, ಎಂಟು ಮಡಿಕೆ ಮಾಡಿ
ಗಿಡ್ಡ ಕಾಲಿನಡಿ ತೂರಿಸಿ, ಅಂಗೈಯಲ್ಲಿ ಸೀಟನ್ನೊಮ್ಮೆ ಒತ್ತಿ
"ಹ್ಞಾಂ, ಕೇಳಿ ಸರ್" ಅಂದಳು.

ಮೂರು ಎಚ್‌ಪಿ ಮೋಟರಿಗೆ ಎಷ್ಟು ಇಂಚಿನ ಪೈಪು?
ಗೊತ್ತಿಲ್ಲ ಸರ್.
ಜಿಎಸ್‌ಟಿ ಬಿಲ್ಲು?
ಗೊತ್ತಿಲ್ಲ. ಹೇಳಿಕೊಟ್ರೆ ಕಲೀತೀನಿ.
ಐದು ವರ್ಷದ ಮೇಲೆ ಎಲ್ಲಿರ್ತೀರಿ?
ತುಸು ಯೋಚಿಸಿದಳು.
"ಐದೂವರೆ ಬಸ್ಸು ತಪ್ಪಿದ್ರೆ
ಇವತ್ತು ರಾತ್ರಿ ಎಲ್ಲಿರ್ತೀನಂತಲೇ ಗೊತ್ತಿಲ್ಲ ಸರ್."
ನಾನು ನಕ್ಕೆ. ನಗಬಾರದಿತ್ತು.
ಅವಳು ತಮಾಷೆ ಮಾಡಿರಲಿಲ್ಲ.
"ಬರ್ಕೊ, ತಯಾರಿ ಇಲ್ಲ. ಕೂತಲ್ಲಿ ಕೂರಲ್ಲ."
ಬರೆದೆ. ನನ್ನ ಅಕ್ಷರ ದುಂಡಗಿದೆ, ಎಲ್ಲರೂ ಹೊಗಳುತ್ತಾರೆ.

ಅಂಗಡಿಯ ಬೆಳ್ಳಿಹಬ್ಬದ ದಿನ ಧೈರ್ಯ ಮಾಡಿ ಕೇಳಿದ್ದೆ,
ಅವತ್ತು ನನ್ನಲ್ಲಿ ಏನು ಕಂಡಿರಿ ಅಂತ.
ಅಂಗಿಯ ಇಸ್ತ್ರಿಯೋ, ಈ ಅಕ್ಷರವೋ,
ಬಾಗಿಲನ್ನು ಸದ್ದಿಲ್ಲದೆ ಹಾಕಿದ್ದೋ,
ಅಷ್ಟು ವರ್ಷ ಒಂದೊಂದೇ ಆರಿಸಿ ಒಳಗಿಟ್ಟುಕೊಂಡಿದ್ದ ಕಾರಣಗಳು.
ಯಜಮಾನರು ಕೇಕಿನ ಚೂರು ನುಂಗಿ ಅಂದರು,
"ತುಂಗೆ ತುಂಬಿ ಸೇತುವೆ ಬಂದಾಗಿತ್ತಲ್ಲ ಮಾರಾಯ,
ಹೊಳೆಯ ಈಚೆಯವ್ನು ನೀನೊಬ್ಬನೇ."

ಕೊನೆಯವನು ಹೊಳೆಹೊನ್ನೂರಿನವನು.
ಕೂತ. ಕುರ್ಚಿ ಉಸಿರೆತ್ತಲಿಲ್ಲ.
ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ.
ಯಜಮಾನರು ಕನ್ನಡಕ ತೆಗೆದು ನೋಡಿದರು.
"ನೋಡು, ಎಷ್ಟು ಗಟ್ಟಿಯಾಗಿ ಕೂತ! ಇಂಥವ್ನು ಬೇಕು. ಬರ್ಕೊ."
ಬರೆದೆ.

ಸಂಜೆ ಬೀಗ ಹಾಕುವ ಮುನ್ನ ಬಗ್ಗಿ ನೋಡಿದೆ.
ಅವಳ ಬಯೋಡೇಟಾದ್ದೇ ಇನ್ನೊಂದು ಪ್ರತಿ.
ಮಡಿಕೆಯ ಹೊರಗೆ ಒಂದು ಪದ ಕಾಣುತ್ತಿತ್ತು,
ಅನುಭವ.
ಮುಂದಿನದು ಒಳಮಡಿಕೆಯಲ್ಲಿ.
ಎಳೆಯಲು ಹೋದೆ.
ಕುರ್ಚಿ ಅಲುಗಿತು.
ಬಿಟ್ಟೆ.